ಅಂಚಿನ ಚೂರು

ಹಿಟ್ಟು ಕಲಸುವಾಗ ಉಪ್ಪು ಹಾಕಬಾರದು,
ಹುಳಿ ಬರಬಾರದು, ಕೂದಲು ಬೀಳಬಾರದು, ಮಾತು ಬೀಳಬಾರದು.
ಸಿಸ್ಟರ್ ಅನಸ್ತಾಸಿಯಾ ಮೊದಲ ದಿನ ಹೇಳಿಕೊಟ್ಟದ್ದು ಇಷ್ಟೆ.
ಗೋಧಿ, ನೀರು. ಮತ್ತೆ ಬೆಂಕಿ.
ಇಪ್ಪತ್ತಾರು ವರ್ಷವಾಯಿತು, ಜೆಪ್ಪುವಿನ ಈ ಹಿಂಬದಿ ಕೋಣೆಯಲ್ಲಿ
ನಿನಗೆ ಮೈ ಮಾಡಿಕೊಡುತ್ತಿದ್ದೇನೆ,
ನಿನ್ನನ್ನು ಒಮ್ಮೆಯೂ ಕಾಣದೆ.

ಎರಡು ಕಬ್ಬಿಣದ ಹಲಗೆ. ಮೇಲಿನದರಲ್ಲಿ ಕುರಿಮರಿಗಳು, ಶಿಲುಬೆಗಳು,
ಎಲ್ಲ ತಿರುಗುಮುರುಗಾಗಿ ಕೊರೆದದ್ದು.
ಒಂದು ಸೌಟು ಹುಯ್ದು ಒತ್ತಿದರೆ ಹಬೆ ಚುಂಯ್ ಎನ್ನುತ್ತದೆ.
ನೀರುದೋಸೆಯ ಕಾವಲಿಗೂ ಅದೇ ಸದ್ದು.
ಹಾಗಾಗಿ ಮನೆಯಲ್ಲಿ ದೋಸೆ ಹುಯ್ಯುವಾಗಲೂ
ಕೈ ತನ್ನಷ್ಟಕ್ಕೆ ನಿಲ್ಲುತ್ತದೆ ಒಂದು ಕ್ಷಣ,
ನೀನು ಬಾಗಿಲ ಹತ್ತಿರ ಬಂದೆಯೋ ಎಂದು.
ಬಂದದ್ದು ಗ್ಯಾಸಿನವನು.

ರಾತ್ರಿ ಹಾಳೆಗಳನ್ನು ಒದ್ದೆ ಬಟ್ಟೆಯಡಿ ಇಡಬೇಕು,
ಇಲ್ಲವಾದರೆ ಕತ್ತರಿಸುವಾಗ ಪುಡಿಯಾಗುತ್ತವೆ.
ಜೂನಿನಲ್ಲಿ ಬಟ್ಟೆ ಬೇಡ, ಈ ಊರಿನ ಗಾಳಿಯೇ ಸಾಕು.
ಮಾರ್ಚಿನಲ್ಲಿ, ಉಪವಾಸದ ಶುಕ್ರವಾರಗಳಲ್ಲಿ,
ನಾನೂ ಹಾಗೆಯೇ ಒಣಗಿರುತ್ತೇನೆ,
ನಿನ್ನ ಹೆಸರು ಹೇಳಿ ಹೇಳಿ ನಾಲಗೆ ಮಾತ್ರ ಒದ್ದೆ.

ಬೆಳಿಗ್ಗೆ ಕತ್ತರಿಸುತ್ತೇನೆ.
ದುಂಡಗಿನವು ಡಬ್ಬಿಗೆ, ಸಾವಿರಕ್ಕೊಂದು ಪ್ಯಾಕೆಟು,
ಕಿನ್ನಿಗೋಳಿಯ ಬಸ್ಸಿಗೆ, ಬಜಾಲಿನ ರಿಕ್ಷಾಕ್ಕೆ.
ಅಂಚಿನ ಚೂರುಗಳು ಬಿಸ್ಕತ್ತಿನ ಹಳೇ ಟಿನ್ನಿಗೆ.

ಶಾಲೆ ಬಿಟ್ಟ ಮಕ್ಕಳು ಗೇಟಿನಲ್ಲಿ ಅಂಗೈ ಚಾಚಿ ನಿಂತಿರುತ್ತಾರೆ.
ಮೈಮೂನಳ ಮೊಮ್ಮಗ, ದಾಮೋದರಣ್ಣನ ಕಿರಿಯವಳು,
ಹೆಸರು ಕೇಳಿದರೆ ಓಡುವ ಇನ್ನೊಬ್ಬ.
ರುಚಿ ಅಂತ ಏನೂ ಇಲ್ಲ ಅದಕ್ಕೆ,
ನಾಲಗೆಗೆ ಅಂಟುತ್ತದೆ, ಕರಗುತ್ತದೆ, ಅಷ್ಟೆ.
ಆದರೂ ಮತ್ತೆ ಬೇಕು ಅವರಿಗೆ.
ಮೊನ್ನೆ ಆ ಇನ್ನೊಬ್ಬ ಕೇಳಿದ:
ಬಾಯಮ್ಮ, ಇದರಲ್ಲಿ ದೇವರು ಉಂಟಾ?
ಇಲ್ಲ ಮಗಾ, ಅಂದೆ. ಇನ್ನೂ ಇಲ್ಲ.

ಮನೆಗೆ ಹೋಗಿ ಬಂಗುಡೆ ಕೊಯ್ಯುತ್ತಾ ಕೂತವಳಿಗೆ
ಅದೊಂದು 'ಇನ್ನೂ' ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.
ನುಂಗಲಾರೆ, ಉಗುಳಲಾರೆ.

ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ನನ್ನ ಬೆರಳಿನ ಗುರುತಿಲ್ಲ.
ಗೆರೆಗಳನ್ನೆಲ್ಲ ಬಿಸಿ ಕಬ್ಬಿಣ ತಿಂದಿದೆ.
ಒರೆಸಿ ಇಡಿ, ಇನ್ನೊಂದು ಇಡಿ, ಎಂದ ಹುಡುಗ. ಹತ್ತೂ ಇಟ್ಟೆ.
ನೀವು ನೀವೇ ಅಂತ ಹೇಗೆ ನಂಬುವುದು, ಬೆನೆದಿಕ್ತಾ ಬಾಯಿ?
ನನಗೇನು ಗೊತ್ತು ಮಾರಾಯ.
ಖಾಲಿ ಚೀಲ ಮಡಚಿ ಬಸ್ಸು ಹತ್ತಿದೆ.
ನೇತ್ರಾವತಿಯ ಸೇತುವೆ ಮೇಲೆ ಹೊಳೆಯಿತು:
ನಿನ್ನ ಕೈಯನ್ನೂ ಅದು ಒಪ್ಪಲಿಕ್ಕಿಲ್ಲ,
ನಡುವೆ ಅಷ್ಟು ದೊಡ್ಡ ಗಾಯ ಉಂಟಲ್ಲ.
ಒಬ್ಬಳೇ ನಕ್ಕೆ. ಪಕ್ಕದ ಮೀನಿನ ಹೆಂಗಸು
ಏನು ತಿಳಿದಳೋ, ಬುಟ್ಟಿ ಸರಿಸಿ ಜಾಗ ಮಾಡಿದಳು.

ಆದಿತ್ಯವಾರ ಫಾದರ್ ಓಸ್ತಿ ಎತ್ತಿ ಹಿಡಿಯುವಾಗ
ಎಲ್ಲರ ತಲೆ ಬಾಗುತ್ತದೆ. ನಾನು ನೋಡುವುದು ಅಂಚನ್ನು:
ಸರಿಯಾಗಿ ಕತ್ತರಿಸಿದೆನಾ, ಎಡಬದಿ ಸ್ವಲ್ಪ ಸೀದಿದೆಯಾ.
ಅಷ್ಟರಲ್ಲಿ ಗಂಟೆ ಬಾರಿಸಿ ಮುಗಿದಿರುತ್ತದೆ.
ನೀನು ಬಂದಿರುತ್ತೀ.
ಮದುವೆಮನೆಯ ಅಡುಗೆಯವಳಿಗೆ ಮುಹೂರ್ತ ಸಿಗದ ಹಾಗೆ
ಪ್ರತಿ ವಾರ ತಪ್ಪಿಹೋಗುತ್ತದೆ ನನಗೆ ಆ ಗಳಿಗೆ.
ಸಾಲಿನಲ್ಲಿ ನಿಂತು ಬಾಯಿ ತೆರೆಯುತ್ತೇನೆ.
ನನ್ನದೇ ಹಿಟ್ಟಿನ ರುಚಿ.
ಅದರ ಹಿಂದೆ ಏನೋ. ಇಲ್ಲ, ಹಿಟ್ಟಿನದ್ದೇ.

ದೂರು ಅಲ್ಲ ಇದು. ಅಥವಾ ದೂರೇ ಅಂತ ಇಟ್ಟುಕೋ,
ನಿನ್ನ ಹತ್ತಿರ ಅಲ್ಲದೆ ಮತ್ತೆ ಯಾರ ಹತ್ತಿರ ಹೇಳುವುದು.

ಈಗ ಸಂಜೆ ಐದೂವರೆ. ಹಲಗೆ ಆರುತ್ತಿದೆ.
ಮಕ್ಕಳಿಗೆ ಇವತ್ತು ರಜೆ, ಟಿನ್ನು ತುಂಬಿದ ಹಾಗೆಯೇ ಇದೆ.
ಮುಚ್ಚುವ ಮೊದಲು ಒಂದು ಚೂರು ಎತ್ತಿ
ಗಾಜಿನ ಹಂಚಿನ ಬೆಳಕಿಗೆ ಹಿಡಿದೆ.
ಅದರಲ್ಲಿ ಕುರಿಮರಿಯ ಒಂದು ಕಾಲು,
ದುಂಡಿನಿಂದ ಹೊರಗೆ ಇಟ್ಟದ್ದು.

ಕೈ ಜಾರಿರಬೇಕು ನನ್ನದು. ಅಥವಾ.
ತಿನ್ನಲಿಲ್ಲ. ಕರವಸ್ತ್ರದಲ್ಲಿ ಸುತ್ತಿ
ಬಸ್ಸಿಗೆ ಓಡಿದೆ.