ಮಸೆಗಲ್ಲು

ಅಮೀನಗಡ ದಾಟಿ ಎಡಕ್ಕೆ ಹೊರಳಿದರೆ
ಒಬ್ಬನೇ ವೀರ ಎರಡು ಕಡೆ ನಿಂತಿದ್ದಾನೆ.
ಸೊಂಟದಿಂದ ಮೇಲೆ ಯಮನೂರಪ್ಪನ ದನದ ಕೊಟ್ಟಿಗೆಯ ಗೋಡೆಯಲ್ಲಿ,
ಸೊಂಟದಿಂದ ಕೆಳಗೆ ಹಳ್ಳದ ದಂಡೆಯಲ್ಲಿ,
ಹೊಲಕ್ಕೆ ಹೋಗುವ ದಾರಿಗೆ ಬೆನ್ನು ಹಾಕಿ.

ನನ್ನ ಕೆಲಸ ಸುತ್ತುವುದು.
ಹೆಜ್ಜೆಗೊಂದು ಫೋಟೊ; ಪ್ರತಿಯೊಂದರ ಮುಕ್ಕಾಲು ಪಾಲು
ಹಿಂದಿನದರ ಮೇಲೆ ಕೂತಿರಬೇಕು, ಹೆಂಚಿನ ಮೇಲೆ ಹೆಂಚಿನಂತೆ.
ಮೇಲಿನವನಿಗೆ ಇನ್ನೂರಾ ಹನ್ನೆರಡು,
ಕೆಳಗಿನವನಿಗೆ ನೂರಾ ತೊಂಬತ್ತು.
ಬಿಸಿಲು ಚೂಪಾದಾಗ ಯಮನೂರಪ್ಪ
ಜ್ವಾಳದ ಚೀಲ ಬಿಚ್ಚಿ ನೆರಳು ಹಿಡಿದ.
ನಲವತ್ತೊಂದನೆಯದರಲ್ಲಿ ಆಡು ನುಗ್ಗಿತು;
ವೀರನ ಭುಜಕ್ಕೆ ಕೋಡು ಮೂಡಿತು,
ಅದನ್ನು ಅಳಿಸಲು ಅರ್ಧ ದಿನ ಹೋಯಿತು.

ರಾತ್ರಿ ಬಾಗಲಕೋಟೆ.
ಹಳೆಯ ಓಣಿಗಳನ್ನು ಹಿನ್ನೀರಿಗೆ ಕೊಟ್ಟು
ಸೆಕ್ಟರ್ ನಂಬರು ಪಡೆದ ಊರು.
ಪರದೆಯ ಮೇಲೆ ಎರಡು ಚುಕ್ಕಿಮೋಡ.
ಒಡಕಿಗೆ ಒಡಕು ತಂದು ಹಚ್ಚಿದೆ.
ಯಂತ್ರ ತಾನೇ ನೂಕಿತು, ಅಳೆಯಿತು,
ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಅಳೆಯಿತು,
ಬಾಗಿಲ ಚೌಕಟ್ಟು ಕೂರಿಸುವ ಬಡಿಗನ ಹಾಗೆ.
ನಡುಕಟ್ಟಿನ ಗಂಟು ಮೇಲಿತ್ತು, ಇಳಿಬಿದ್ದ ಸೆರಗು ಕೆಳಗೆ:
ಎಡಗಡೆ ಎರಡೂ ಕೂಡಿದವು.

ಬಲಗಡೆ ಕೂಡಲಿಲ್ಲ.
ನಾಲ್ಕು ಬೆರಳು ಬಯಲು.

ತಪ್ಪು ನನ್ನದೆಂದು ಹೊಸ ಚುಕ್ಕಿ ಆರಿಸಿದೆ. ಮೂರು ಸಲ.
ಅದೇ ನಾಲ್ಕು ಬೆರಳು,
ಒಡೆದ ಕಲ್ಲಿನ ಒರಟಿಲ್ಲದೆ, ಒಳಕ್ಕೆ ಬಾಗಿ, ನುಣ್ಣಗೆ.
ತೂತು ಮುಚ್ಚಲು ಗುಂಡಿಯಿದೆ.
ಗೀರುಗಳಿಗೆ ಗದ್ದಲ ಎಂದು ಹೆಸರಿಟ್ಟು
ಸವರಿಬಿಡಲು ಇನ್ನೊಂದಿದೆ.
ಒತ್ತುವ ಮೊದಲು ಫೋನು ಹಚ್ಚಿದೆ.

"ಅಲ್ಲೇ ಕುಡಗೋಲು ಮಸೀತೀವ್ರಿ ಅಕ್ಕಾರ.
ನಮ್ಮಜ್ಜಿ ಮಸೀತಿದ್ಲು, ಆಕಿ ಅತ್ತಿನೂ ಮಸೀತಿದ್ಲಂತ.
ಕಲ್ಲು ಭಾಳ ಚಲೋ ಐತಿ."

ಯಾರದೋ ದನ ಬಿಡಿಸಲು ಹೋಗಿ ಸತ್ತವನು.
ಅವನ ಸೊಂಟ ಸುಗ್ಗಿ ಸುಗ್ಗಿಗೆ ಒಂದಿಷ್ಟು ಸವೆದು
ಕುಡಗೋಲಿನ ಬಾಯಿಗೆ ಹತ್ತಿ ಹೊಲಕ್ಕೆ ಹೋಗಿದೆ,
ಕಣಕ್ಕೆ, ಬುತ್ತಿಗೂ ಹೋಗಿರಬಹುದು.
ಅದನ್ನು ಯಾವ ಮೋಡದಿಂದ ತಂದು ತುಂಬಲಿ?

ಎರಡೂ ಗುಂಡಿ ಬಿಟ್ಟೆ. ಬಯಲು ಬಯಲಾಗಿಯೇ ಉಳಿಯಿತು,
ಗೀರುಗಳ ಸಮೇತ.

"ಜೋಡಿಸಿದ್ರಂತ ಮ್ಯಾಲಿಂದು ಒಯ್ಯಾಂಗಿಲ್ಲಲ್ರಿ?
ಗ್ವಾಡಿ ಬೀಳತೈತಿ ಮತ್ತ."
ಇಲ್ಲ ಎಂದೆ.
"ನಮ್ಮ ಆಡು? ಅದೂ ಬಂದೈತೇನ್ರಿ ಅದರಾಗ?"

ಅಳಿಸಿದೆ ಎಂದೆ.
ಹೇಳಿದ ಮೇಲೆ ಯಾಕೋ ಕೆಡುಕೆನಿಸಿತು.