ಕಾಲಂ ಏಳು

ಜಿಲ್ಲಾ ಕಚೇರಿಯಿಂದ ಬಂದ ನಮೂನೆಯಲ್ಲಿ
ನಮಗೊಂದು ಕಾಲಂ ಉಂಟು, ಏಳನೆಯದು.
ಎರಡು ಬೆರಳಗಲ.
ತಲೆಬರಹ: ದಾದಿಯರು.
ಡಾಕ್ಟರು ಆಗಲೇ ಪೆನ್ಸಿಲಿನಲ್ಲಿ ತುಂಬಿಟ್ಟಿದ್ದರು,
‘ಅಗತ್ಯಕ್ಕೆ ತಕ್ಕಷ್ಟು’.

ಉಪ್ಪಳದ ಈ ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ
ನಾವು ಹದಿನಾಲ್ಕು ಮಂದಿ.
ಮೋಹಿನಾಕ್ಷಿ, ಶೈನಿ ತಲಪಾಡಿಯಾಚೆಯಿಂದ ಬರುವವರು,
ಬಸ್ಸು ನಿಂತ ದಿನ ಅವರೂ ನಿಂತರು.
ರಮ್ಲತ್‌ಗೆ ಈಗ ಏಳು ತಿಂಗಳು.
ಬಿಂದುವಿನ ಕೂಸು ಇನ್ನೂ ಎದೆ ಬಿಟ್ಟಿಲ್ಲ.
ಫಿಲೋಮಿನಾಳ ಅತ್ತೆ ಮಲಗಿದಲ್ಲೇ ಎಲ್ಲ,
ಮಗ್ಗುಲು ತಿರುಗಿಸಲು ಬೇರೆ ಜನವಿಲ್ಲ.
ಇನ್ನು ಜ್ವರ ನಮ್ಮ ಬಿಳಿ ಸೀರೆಗೆ ಹೆದರೀತೇ?
ಅದರ ಪಾಲು ಮೂವರು.
ಕಳೆದೆ. ಉಳಿದದ್ದು ಆರು.
ಮೂರು ಪಾಳಿ, ಪಾಳಿಗೆ ಇಬ್ಬರು,
ಒಬ್ಬಳು ವಾರ್ಡಿನೊಳಗೆ, ಒಬ್ಬಳು ಬಾಗಿಲಲ್ಲಿ.
ಒಳಗಿನವಳಿಗೆ ಮೂತ್ರ ಬಂದರೆ ನಿಲ್ಲಬೇಕಾದವಳು
ಏಳನೆಯವಳು.
ಅವಳು ಕಾಲಂ ಏಳರಲ್ಲೂ ಇಲ್ಲ.

ಮಾತಿನ ಲೆಕ್ಕ ಬೇರೆ.
ಬಾಗಿಲಲ್ಲಿ ನಿಂತು ಎಲ್ಲರನ್ನೂ ಕೇಳಬೇಕೆಂದು
ಮಲಯಾಳದಲ್ಲಿ ಪ್ರಶ್ನೆ ಅಚ್ಚಾಗಿ ಬಂದಿದೆ:
ಪನಿಯುಂಡೋ?
ತುಳುವಿನ ಅಜ್ಜಿ ಅಂಗಳದ ಕಡೆ ಕತ್ತೆತ್ತಿ
ಇಲ್ಲ ಮಗಾ, ಹನಿಯಿಲ್ಲ, ಒಳ್ಳೆ ಬಿಸಿಲುಂಟು, ಎನ್ನುತ್ತಾಳೆ.
ಉರ್ದು ಮಾತಾಡುವ ಹಸನ್ ಸಾಹೇಬರು
ಚೀಲದಿಂದ ನೀರಿನ ಬಾಟಲಿ ತೆಗೆದು ನನಗೇ ಕೊಡುತ್ತಾರೆ.
ಕೊನೆಗೆ ನಾನು ಕಾಗದ ಮಡಚಿಟ್ಟು
ಹಣೆಗೆ ಕೈ ಹಿಂಬದಿ ತಾಗಿಸಿ ತೋರಿಸುತ್ತೇನೆ.
ಎಲ್ಲರಿಗೂ ಗೊತ್ತಾಗುತ್ತದೆ.
ಆದರೆ ಆ ದಿನ ಬಂದಾಗ
ಮುಟ್ಟಬಾರದ್ದು ಅದೊಂದನ್ನೇ ಅಲ್ಲವೇ.

ಕಾಲಂ ಒಂಬತ್ತು: ಗಂಭೀರ ರೋಗಿಗಳನ್ನು
ಮೇಲಿನ ಆಸ್ಪತ್ರೆಗೆ ಕಳುಹಿಸುವುದು.
ಯಾವ ದಾರಿಯಲ್ಲಿ?
ಆ ವರ್ಷ ರಸ್ತೆಗೆ ಅಡ್ಡ ಮಣ್ಣು ಸುರಿದಿದ್ದರು.
ಆ ಬದಿ ಪೊಲೀಸು, ಈ ಬದಿ ನಮ್ಮ ಆಂಬುಲೆನ್ಸು,
ಮಂಗಳೂರಿನ ಆಸ್ಪತ್ರೆ ಕೂಗಿದರೆ ಕೇಳುವಷ್ಟು ದೂರ
ಎಂದು ಅಂದುಕೊಂಡಿದ್ದೆವು ಹುಟ್ಟಿದಾಗಿನಿಂದ.
ಚನಿಯಪ್ಪ ಬೆಳ್ಚಾಡರ ಬಾಯ ಮೇಲೆ ಚೀಲ ಹಿಡಿದು
ಆರು ಸೆಕೆಂಡಿಗೊಮ್ಮೆ ಒತ್ತುತ್ತಿದ್ದೆ.
ನಲವತ್ತು ನಿಮಿಷ. ನಾನೂರು ಉಸಿರು.
ಹೆಬ್ಬೆರಳು ಮರಗಟ್ಟಿದ್ದು ಆಮೇಲೆ ತಿಳಿಯಿತು.
ಅವರ ಮಗಳು ಈಗ ಮೀನು ಮಾರ್ಕೆಟ್ಟಿನಲ್ಲಿ ಸಿಕ್ಕರೆ
ನಗುತ್ತಾಳೆ, ನನ್ನ ಕೈ ಮಾತ್ರ ನೋಡುವುದಿಲ್ಲ.

ಹಾಗಾಗಿ ನಮೂನೆಯನ್ನು ಮಗುಚಿ ಹಾಕಿ
ಹಿಂದಿನ ಖಾಲಿ ಮಗ್ಗುಲಲ್ಲಿ ಬರೆದೆ.
ದೂರದವರಿಗೆ ಇಲ್ಲೇ ಮಲಗಲು ಒಂದು ಕೋಣೆ.
ಗಡಿ ಮುಚ್ಚಿದರೂ ಆಂಬುಲೆನ್ಸು ದಾಟುವ ಒಂದು ಚೀಟಿ,
ಎರಡೂ ಕಡೆಯವರು ಇಂದೇ, ಆರೋಗ್ಯವಾಗಿರುವಾಗಲೇ
ಸಹಿ ಹಾಕಿದ್ದು.
ಐದು ಭಾಷೆಯಲ್ಲಿ ಜ್ವರ.
ಮತ್ತೆ, ಸ್ಟೋರಿನ ಇನ್ನೊಂದು ಬೀಗದ ಕೈ.
ಇರುವುದೊಂದು, ಐತಪ್ಪ ಪಾಟಾಳಿಯ ಸೊಂಟದಲ್ಲಿ,
ಐತಪ್ಪನ ಮನೆ ರೈಲ್ವೇ ಗೇಟಿನ ಆಚೆ.
ನಡುರಾತ್ರಿ ಸಿಲಿಂಡರು ಮುಗಿದರೆ
ಗೂಡ್ಸ್ ರೈಲು ಸಾಗಿ ಮುಗಿಯುವವರೆಗೆ
ಯಾರದೋ ಎದೆ ಕಾಯಬೇಕು.

ಸಭೆಯಲ್ಲಿ ಡಾಕ್ಟರು ಓದಿ, ಕನ್ನಡಕ ತೆಗೆದು ಒರೆಸಿ,
‘ಸಿಸ್ಟರ್, ಇದು ಯೋಜನೆಯೋ ದೂರೋ?’ ಎಂದರು.
ಎಲ್ಲರೂ ಸ್ವಲ್ಪ ನಕ್ಕರು. ಚಹಾ ಬಂತು.
ಉತ್ತರ ಹೊಳೆದದ್ದು ಸಂಜೆ, ಮನೆಯಲ್ಲಿ
ಬಂಗುಡೆ ತೊಳೆಯುತ್ತಿದ್ದಾಗ:
ಬಂದ ಮೇಲೆ ಬರೆದರೆ ದೂರು, ಸಾರ್.
ಬೆಕ್ಕು ಮಾತ್ರ ಕೇಳಿಸಿಕೊಂಡಿತು.

ಎರಡು ತಿಂಗಳಿಗೆ ಉತ್ತರ ಬಂತು.
ಕೋಣೆ ಪರಿಶೀಲನೆಯಲ್ಲಿದೆ.
ಚೀಟಿ ಬೇರೆ ಇಲಾಖೆಗೆ, ಬೇರೆ ರಾಜ್ಯಕ್ಕೆ.
ಭಾಷೆಯ ಬಗ್ಗೆ ಏನೂ ಇಲ್ಲ.
ಬೀಗದ ಕೈ ಮಂಜೂರು.

ಹಸಿರು ದಾರ ಕಟ್ಟಿ ತೂಗುಹಾಕಿದ್ದೇನೆ
ನಮ್ಮ ಕೋಣೆಯಲ್ಲಿ, ಕ್ಯಾಲೆಂಡರಿನ ಹಿಂದಿನ ಮೊಳೆಗೆ.
ಹೊಸ ಹುಡುಗಿ ಕೆಲಸಕ್ಕೆ ಬಂದರೆ
ವಾರ್ಡು ತೋರಿಸುವ ಮೊದಲು ಅಲ್ಲಿಗೆ ಕರೆದೊಯ್ದು
ಲೈಟು ಆರಿಸುತ್ತೇನೆ.
ಹುಡುಕು, ಎನ್ನುತ್ತೇನೆ.
ಗೋಡೆ ತಡವುವ ಅವಳ ಕೈಯ ಸದ್ದು ಕೇಳುತ್ತಾ
ಮನಸ್ಸಿನಲ್ಲೇ ಎಣಿಸುತ್ತೇನೆ,
ಆರಕ್ಕೊಂದು.