ಎರಡು ಬಾಲದ ಕೇಬಲ್ಲು

ತೆಲಾವಿಯ ಸಂತೆಯ ಬೆನ್ನಿಗೆ,
ಬೂಟು ಹೊಲಿಯುವವನಿಗೂ
ದ್ರಾಕ್ಷಿಪಾಕದಲ್ಲಿ ಅದ್ದಿದ ಆಕ್ರೋಟಿನ ಸರ ಮಾರುವವಳಿಗೂ ನಡುವೆ
ಎರಡು ಮೊಳದ ಮೇಜು ನನ್ನದು.
ಕೆಟ್ಟದ್ದನ್ನು ರಿಪೇರಿ ಮಾಡಲಾಗುವುದು ಅಂತ ಬೋರ್ಡು.
ನಿಜ ಹೇಳಬೇಕೆಂದರೆ ಬಂದದ್ದರಲ್ಲಿ ಅರ್ಧ
ಕೆಟ್ಟೇ ಇರುವುದಿಲ್ಲ.
ಒಂದಕ್ಕೊಂದು ಒಗ್ಗಿರುವುದಿಲ್ಲ, ಅಷ್ಟೆ.

ಮಂಗಳವಾರ ತ್ಸಿಯಾಲಾ ಬಂದಳು.
ಕಾಲುವೆ ಕಚೇರಿಯ ಗುಮಾಸ್ತೆ; ಹತ್ತೊಂಬತ್ತು ವರ್ಷ
ಯಾವ ರಾತ್ರಿ ಯಾರ ತೋಟಕ್ಕೆ ನೀರು,
ಎಷ್ಟು ಹೊತ್ತು ತೂಬು ತೆರೆದಿತ್ತು, ಬರೆದಿಟ್ಟವಳು.
ಉಣ್ಣೆಯ ಕಾಲುಚೀಲದೊಳಗಿಂದ ತೆಗೆದಳು
ಇಟ್ಟಿಗೆಯ ತಮ್ಮನಂಥ ಡಿಸ್ಕು.
ಕೈಚೀಲದಿಂದ, ಕಚೇರಿ ಹೊಸದಾಗಿ ಕೊಟ್ಟ
ಹಪ್ಪಳದಂಥ ಲ್ಯಾಪ್‌ಟಾಪು.
"ಗುರುವಾರ ವಿಚಾರಣೆ, ಜುಂಬೆರ್.
ನನ್ನ ಪಾಳಿಯ ನೀರನ್ನು ತನ್ನದು ಅಂತಾನೆ ಗೊದೆರ್ಜಿ.
ಸುಳ್ಳ. ಎಲ್ಲ ಇದರಲ್ಲಿದೆ. ತೆಗಿ."

ತೆಗಿ ಅಂದರೆ ಹೇಗೆ ತೆಗೆಯಲಿ?
ಲ್ಯಾಪ್‌ಟಾಪಿನ ಅಂಚಿನಲ್ಲಿ ಇರುವುದೇ ಎರಡು ತೂತು,
ತುಟಿ ಬಿಗಿದುಕೊಂಡಂಥವು.
ಡಿಸ್ಕಿನ ಕೇಬಲ್ಲಿಗೋ ಅಗಲ ಮೂತಿ:
ಹಿಡಿದಂತೆ ಹೋಗದು, ತಿರುಗಿಸಿದರೂ ಹೋಗದು,
ಮತ್ತೆ ತಿರುಗಿಸಿದರೆ ಹೋಗುವ ಜಾತಿ.
ಎತ್ತು ಏರಿಗೆ, ಕೋಣ ನೀರಿಗೆ.
ಬಿಸ್ಕತ್ತಿನ ಡಬ್ಬಿ ತಡಕಿ
ನಡುವೆ ಒಂದು ಅಡಾಪ್ಟರು ಸಿಕ್ಕಿಸಿದೆ.

ದೀಪ ಹತ್ತಿತು.
ಅವಳ ಮುಖವೂ.
ಆಮೇಲೆ ಕಟ್, ಕಟ್, ಕಟ್,
ಚಳಿಗೆ ಹಲ್ಲು ಕಡಿಯುವ ಸದ್ದು.
"ಸಾಯ್ತಾ ಇದೆಯಾ?"
"ಇಲ್ಲ. ಹಸಿವು."

ಅದಕ್ಕೇ ಇಟ್ಟಿದ್ದೇನೆ ಎರಡು ಬಾಲದ ಕೇಬಲ್ಲು.
ಒಂದು ಬಾಲ ಮಾತಾಡುತ್ತದೆ.
ಇನ್ನೊಂದು ಏನೂ ಕೇಳದೆ, ಏನೂ ಹೇಳದೆ
ಬರೀ ಕರೆಂಟು ಉಣಿಸುತ್ತದೆ.
(ಲಮಾರಾಗೆ ಒಮ್ಮೆ ಇದನ್ನು ಬಿಡಿಸಿ ಹೇಳಿದ್ದೆ.
"ಎರಡನೆಯದು ನಾನು" ಅಂದವಳೇ
ಬಟ್ಟೆ ಒಣಹಾಕಲು ಹೋದಳು.)

ಮಾತಾಡುವುದನ್ನು ಲ್ಯಾಪ್‌ಟಾಪಿಗೆ,
ಮಾತಾಡದ್ದನ್ನು ನನ್ನ ಮೊಬೈಲ್ ಚಾರ್ಜರಿಗೆ.
ಡಿಸ್ಕು ತಿರುಗಿತು, ಜೇನುಗೂಡಿನ ಗುಂಯ್.
ಪರದೆಯ ಮೇಲೆ, ಬಹಳ ವಿನಯದಿಂದ, ಒಂದು ಪ್ರಶ್ನೆ:
ಇದು ನನಗೆ ಓದಲು ಬರುತ್ತಿಲ್ಲ,
ಎಲ್ಲ ಅಳಿಸಿ ಹೊಸದಾಗಿ ಹಸನು ಮಾಡಲೇ?
ತ್ಸಿಯಾಲಾಳ ಬೆರಳು 'ಆಗಲಿ'ಯ ಕಡೆ ಹೊರಟಿತ್ತು.
ಕೈ ಮೇಲೆ ಹೊಡೆದೆ.
ನಲವತ್ತು ವರ್ಷದ ಪರಿಚಯದಲ್ಲಿ ಮೊದಲ ಸಲ.
ತನಗೆ ಓದಲು ಬಾರದ್ದು ಬರೀ ಬೀಳುಭೂಮಿ
ಅಂತ ಆ ಹಪ್ಪಳದ ಲೆಕ್ಕ.

ಮೇಜಿನ ಕೆಳಗೆ ಒಂದು ಹಳೇ ಕಂಪ್ಯೂಟರಿದೆ.
ಫ್ಯಾನು ಕೆಮ್ಮುತ್ತದೆ, ಒಂದು ಮೂಲೆಗೆ ಮರದ ಚೂರಿನ ಆನಿಕೆ.
ಯಾರೂ ಕೊಳ್ಳರು; ಕೇಳಿದರೂ ಮಾರೆನು.
ಡಿಸ್ಕನ್ನು ಕಂಡದ್ದೇ ಅದು,
ಒಂದೇ ಓಣಿಯಲ್ಲಿ ಗೋಲಿ ಆಡಿದವರ ಹಾಗೆ,
ಯಾಕೆ ಏನು ಅನ್ನದೆ ಬಾಗಿಲು ತೆರೆಯಿತು.

ತ್ಸಿಯಾಲಾ ಕನ್ನಡಕ ಏರಿಸಿದಳು.
ವರ್ಷ, ತಿಂಗಳು, ತೂಬಿನ ನಂಬರು.
ಬೆರಳು ಇಳಿಯುತ್ತ ಇಳಿಯುತ್ತ
ಒಂದು ಕಡೆ ನಿಂತಿತು.
ಪಕ್ಕದವಳು ಸರಗಳ ಮೇಲಿಂದ ಕಣಜ ಓಡಿಸುತ್ತಿದ್ದಳು.
ಆಗಸ್ಟ್, ಶನಿವಾರ, ರಾತ್ರಿ ಹನ್ನೊಂದರಿಂದ ಮೂರು:
ಗೊದೆರ್ಜಿ.
ಮುಂದಿನ ವರ್ಷವೂ. ಅದರ ಮುಂದಿನದೂ.
ಎಲ್ಲ ಅವಳೇ ಒತ್ತಿದ ಅಕ್ಷರ.

ನಾನು ಸ್ಕ್ರೂ ಎಣಿಸುವ ನಾಟಕ ಮಾಡಿದೆ.
ಹದಿನಾಲ್ಕಿದ್ದವು. ಮತ್ತೆ ಎಣಿಸಿದೆ.

ಕಾಲುಚೀಲ ಮಡಿಸುತ್ತ, ಮಡಿಸಿದ್ದನ್ನು ಬಿಚ್ಚುತ್ತ,
"ಎರಡು ಪ್ರತಿ ಮಾಡು" ಅಂದಳು.
"ಕಚೇರಿಗೊಂದು. ಇನ್ನೊಂದು?"
ಉತ್ತರ ಕೊಡಲಿಲ್ಲ. ಫೋನು ತೆಗೆದು,
ಏಳು ವರ್ಷದಿಂದ ಒತ್ತದ ನಂಬರು ಒತ್ತಿ,
ಕ್ಷೇಮ ಗೀಮ ಕೇಳದೆ ಶುರುಮಾಡಿದಳು:
"ನಿನ್ನ ಕಂಪ್ಯೂಟರಿಗೆ ಎಂಥ ತೂತು?
ಅಗಲದ್ದೋ, ಸಣ್ಣದೋ?"

ಆ ಕಡೆ ಬಹಳ ಹೊತ್ತು ಬರೀ ಕೋಳಿಗಳ ಸದ್ದು.
ಆಮೇಲೆ,
"ತಾಳು, ನೋಡಿ ಹೇಳ್ತೀನಿ."